ಮೈಕ್ರೋಟ್ರಾನ್, ಮಂಗಳಗಂಗೋತ್ರಿ

ಮಂಗಳೂರಿನ ದಕ್ಷಿಣಕ್ಕೆ ಕೊಣಾಜೆಯ ಮಂಗಳಗಂಗೋತ್ರಿ ಆವರಣದಲ್ಲಿರುವ ಮಂಗಳೂರು ವಿಶ್ವವಿದ್ಯಾನಿಲಯದ ಮೈಕ್ರೋಟ್ರಾನ್ ಕೇಂದ್ರದ ಎಲೆಕ್ಟ್ರಾನ್ ವೇಗೋತ್ಕರ್ಷಕ. ಎಲೆಕ್ಟ್ರಾನುಗಳಿಗೆ 8 ದಶಲಕ್ಷ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ನೀಡಬಲ್ಲದು. ಗಾಳಿ ತೆಗೆದ ಕೋಶದೊಳಗೆ ಎಲೆಕ್ಟ್ರಾನುಗಳನ್ನು ಹರಿಸಿ ದುಡಿಸಿಕೊಳ್ಳುವ ನಿರ್ವಾತ ಎಲೆಕ್ಟ್ರಾನಿಕ್ಸ್ ಮತ್ತು ನಿಧಾನವಾಗಿ ಕೂಡಿಟ್ಟ ವಿದ್ಯುಚ್ಛಕ್ತಿಯನ್ನು ಸೆಕೆಂಡಿನ ಅತ್ಯಲ್ಪ ಭಾಗದಲ್ಲಿ ಒಮ್ಮೆಗೇ ಬಿಡುಗಡೆ ಮಾಡುವ ಸ್ಪಂದಶಕ್ತಿ ತಂತ್ರ, ಈ ಎರಡೂ ಒಂದೇ ಯಂತ್ರದಲ್ಲಿ ಕೂಡಿರುವುದರಿಂದ ಕರಾವಳಿಯ ವಿಜ್ಞಾನ ಚರಿತ್ರೆಯಲ್ಲಿ ಇದಕ್ಕೆ ವಿಶೇಷ ಸ್ಥಾನವಿದೆ.

ಕರ್ನಾಟಕದಲ್ಲಿ ನಿರ್ವಾತ ನಳಿಗೆಗಳ ತಯಾರಿಕೆ ಬೆಳೆದದ್ದು ಬೆಂಗಳೂರಿನ ಜಾಲಹಳ್ಳಿಯಲ್ಲಿ. 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ರೇಡಿಯೋ ವಾಲ್ವುಗಳನ್ನೂ 1970ರಲ್ಲಿ ಕ್ಷ-ಕಿರಣ ನಳಿಗೆ ಹಾಗೂ ಮೈಕ್ರೋವೇವ್ ನಳಿಗೆಗಳನ್ನೂ ತಯಾರಿಸತೊಡಗಿತು. ರಕ್ಷಣಾ ಸಂಶೋಧನೆಗೆ ಸೇರಿದ ಮೈಕ್ರೋವೇವ್ ನಳಿಗೆ ಸಂಶೋಧನಾ ಕೇಂದ್ರ 1984ರಲ್ಲಿ ಅಲ್ಲಿಯೇ ಆರಂಭವಾಯಿತು. ಕೊಣಾಜೆಯ ಕಥೆ ಬೇರೆ. ಇಲ್ಲಿ 1968ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರ ತೆರೆದು, 1980ರಲ್ಲಿ ಅದು ಸ್ವತಂತ್ರ ವಿಶ್ವವಿದ್ಯಾನಿಲಯವಾಯಿತು. ರಕ್ಷಣೆಯ ಅಗತ್ಯವಾಗಲಿ ಕೈಗಾರಿಕೆಯ ಒತ್ತಾಸೆಯಾಗಲಿ ಇಲ್ಲದ ಈ ಗುಡ್ಡದ ಮೇಲೆ ಇಂಥದೊಂದು ಯಂತ್ರ ನೆಲೆಗೊಂಡದ್ದು ಭೌತವಿಜ್ಞಾನ ವಿಭಾಗದ ಸಂಶೋಧನಾಸಕ್ತಿಯ ಫಲ.

ಮೈಕ್ರೋಟ್ರಾನಿನ ತತ್ತ್ವವನ್ನು 1944ರಲ್ಲಿ ಸೂಚಿಸಿದವನು ಸೋವಿಯತ್ ಭೌತವಿಜ್ಞಾನಿ ವ್ಲಾದಿಮಿರ್ ವೆಕ್ಸ್ಲರ್. ಭಾರವಾದ ಕಣಗಳನ್ನು ಕಾಂತಕ್ಷೇತ್ರದಲ್ಲಿ ಸುತ್ತಿಸಿ ವೇಗ ಹೆಚ್ಚಿಸುವ ಸೈಕ್ಲೋಟ್ರಾನ್ ಎಲೆಕ್ಟ್ರಾನಿಗೆ ಒಗ್ಗುವುದಿಲ್ಲ. ಹಗುರವಾದ ಎಲೆಕ್ಟ್ರಾನು ಬಹುಬೇಗ ಬೆಳಕಿನ ವೇಗವನ್ನು ಸಮೀಪಿಸಿ, ಸಾಪೇಕ್ಷತಾ ಸಿದ್ಧಾಂತದಂತೆ ಅದರ ದ್ರವ್ಯರಾಶಿ ಹೆಚ್ಚುತ್ತ ಹೋಗುವುದರಿಂದ ಪ್ರತಿ ಸುತ್ತಿಗೂ ಹೆಚ್ಚು ಕಾಲ ಹಿಡಿದು ತಾಳ ತಪ್ಪುತ್ತದೆ. ವೆಕ್ಸ್ಲರ್ ಈ ದೋಷವನ್ನೇ ಗುಣವಾಗಿ ಮಾರ್ಪಡಿಸಿದ. ಒಂದೊಂದು ಸುತ್ತಿಗೂ ಹೆಚ್ಚುವ ಕಾಲ ಮೈಕ್ರೋವೇವಿನ ಒಂದು ಪೂರ್ಣ ಆವರ್ತಕ್ಕೆ ಸರಿಯಾಗಿ ಸಮನಾಗುವಂತೆ ನೋಡಿಕೊಂಡರೆ, ತಡವಾಗಿ ಬಂದರೂ ಎಲೆಕ್ಟ್ರಾನು ಮುಂದಿನ ಅಲೆಯ ಸರಿಯಾದ ಘಟ್ಟಕ್ಕೇ ಬಂದು ಸೇರುತ್ತದೆ. ವೇಗೋತ್ಕರ್ಷಕಗಳ ಚರಿತ್ರೆಯಲ್ಲಿ ಇಷ್ಟು ಸರಳವೂ ಸುಂದರವೂ ಆದ ಉಪಾಯಗಳು ವಿರಳ. ಇದಕ್ಕೆ ಪ್ರತಿ ಸುತ್ತಿನಲ್ಲಿ ಸುಮಾರು ಅರ್ಧ ದಶಲಕ್ಷ ಎಲೆಕ್ಟ್ರಾನ್ ವೋಲ್ಟ್, ಅಂದರೆ ಎಲೆಕ್ಟ್ರಾನಿನ ನಿಶ್ಚಲ ದ್ರವ್ಯರಾಶಿಗೆ ಸಮನಾದ ಶಕ್ತಿ ಸೇರಬೇಕು. 8 ದಶಲಕ್ಷ ತಲುಪಲು ಹದಿನೈದರ ಆಸುಪಾಸು ಸುತ್ತುಗಳು ಬೇಕಾಗುತ್ತವೆ. 10 ಸೆಂಟಿಮೀಟರ್ ತರಂಗದೂರದ ಮೈಕ್ರೋವೇವನ್ನು ಬಳಸಿದಾಗ ಕಕ್ಷೆಯ ಸುತ್ತಳತೆಯೂ ಪ್ರತಿ ಬಾರಿ ಅಷ್ಟೇ ಹಿಗ್ಗಿ, ಎಲ್ಲ ಕಕ್ಷೆಗಳೂ ಶಕ್ತಿ ತುಂಬುವ ಕುಹರದ ಬಳಿ ಒಂದನ್ನೊಂದು ಸ್ಪರ್ಶಿಸುವ ವೃತ್ತಗಳಾಗಿ ತೋರುತ್ತವೆ.

ಆ ಕುಹರದಲ್ಲಿ ಬೇಕಾದಷ್ಟು ಪ್ರಬಲ ವಿದ್ಯುತ್ ಕ್ಷೇತ್ರ ಹುಟ್ಟಿಸಲು ಮೆಗಾವ್ಯಾಟ್ ಪ್ರಮಾಣದ ಮೈಕ್ರೋವೇವ್ ಬೇಕು. ಅದನ್ನು ಎಡೆಬಿಡದೆ ಉಣಿಸಿದರೆ ಕುಹರದ ಗೋಡೆಗಳು ಶಾಖವನ್ನು ತಾಳಲಾರವು. ಸ್ಪಂದಶಕ್ತಿ ತಂತ್ರ ಅನಿವಾರ್ಯವಾಗುವುದು ಇಲ್ಲಿ. ಧಾರಕಗಳ ಸರಣಿಯಲ್ಲಿ ಕೂಡಿಟ್ಟ ವಿದ್ಯುತ್ತನ್ನು ವೇಗದ ಸ್ವಿಚ್ಚೊಂದು ಹಠಾತ್ತನೆ ಮ್ಯಾಗ್ನೆಟ್ರಾನ್ ಅಥವಾ ಕ್ಲೈಸ್ಟ್ರಾನ್ ಎಂಬ ನಿರ್ವಾತ ನಳಿಗೆಗೆ ಹರಿಸಿದಾಗ ಮೈಕ್ರೋಸೆಕೆಂಡುಗಳ ಒಂದು ಸ್ಪಂದ ಹುಟ್ಟುತ್ತದೆ. ಒಂದೊಂದೂ 2 ಮೈಕ್ರೋಸೆಕೆಂಡಿನ ಸ್ಪಂದಗಳು ಸೆಕೆಂಡಿಗೆ 50ರಂತೆ ಬಂದರೆ ಯಂತ್ರ ನಿಜಕ್ಕೂ ದುಡಿಯುವುದು ಕಾಲದ ಹತ್ತು ಸಾವಿರದಲ್ಲೊಂದು ಪಾಲು ಮಾತ್ರ. ಗರಿಷ್ಠ ಮಟ್ಟದ 1 ಮೆಗಾವ್ಯಾಟ್ ಸರಾಸರಿಯಲ್ಲಿ 100 ವ್ಯಾಟಿಗೆ, ಹಳೆಯ ಕಾಲದ ಒಂದು ವಿದ್ಯುದ್ದೀಪದ ಮಟ್ಟಕ್ಕೆ, ಇಳಿಯುತ್ತದೆ. ಎಲೆಕ್ಟ್ರಾನುಗಳನ್ನು ಹೊಮ್ಮಿಸುವುದು ಲ್ಯಾಂಥನಮ್ ಹೆಕ್ಸಾಬೋರೈಡಿನ ಋಣಾಗ್ರ. ಟಂಗ್‌ಸ್ಟನ್ನಿಗೆ ಬೇಕಾಗುವಷ್ಟು ಕಾಯಿಸದೆಯೇ ಅದು ಧಾರಾಳವಾಗಿ ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತದೆ.

ಈ ಯಂತ್ರ 1990ರ ದಶಕದಲ್ಲಿ, ಇಂದೋರಿನ ಉನ್ನತ ತಂತ್ರಜ್ಞಾನ ಕೇಂದ್ರದ ಸಹಯೋಗದಿಂದ, ಕೊಣಾಜೆಯಲ್ಲಿ ನೆಲೆಗೊಂಡಿತು. ಇಂದೋರಿನ ಆ ಸಂಸ್ಥೆ ಈಗ ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ಭೌತವಿಜ್ಞಾನಿ ರಾಜಾ ರಾಮಣ್ಣನವರ ಹೆಸರನ್ನು ಹೊತ್ತಿದೆ. ಮಂಗಳೂರಿನ ಪ್ರಾಧ್ಯಾಪಕ ಕೆ. ಸಿದ್ದಪ್ಪ, ಗಣೇಶ್ ಮತ್ತು ಇಂದೋರಿನ ಸಹೋದ್ಯೋಗಿಗಳು ಕೂಡಿ ಬರೆದ ಯಂತ್ರದ ವಿವರಣೆ 1998ರಲ್ಲಿ ‘ರೇಡಿಯೇಷನ್ ಫಿಸಿಕ್ಸ್ ಆಂಡ್ ಕೆಮಿಸ್ಟ್ರಿ’ ಪತ್ರಿಕೆಯ 51ನೆಯ ಸಂಪುಟದಲ್ಲಿ ಪ್ರಕಟವಾಯಿತು. ಶಕ್ತಿಯನ್ನು ಬದಲಿಸಬಲ್ಲ ಸಂಶೋಧನಾ ಯಂತ್ರವೆಂದು ಶೀರ್ಷಿಕೆಯಲ್ಲೇ ಹೇಳಿರುವುದು ಗಮನಾರ್ಹ, ಏಕೆಂದರೆ ಮುಂದಿನ ಸಂಶೋಧನೆಯ ವೈವಿಧ್ಯಕ್ಕೆ ಆ ಗುಣ ಬಹುಮಟ್ಟಿಗೆ ಆಧಾರವಾಯಿತು.

ಎಲೆಕ್ಟ್ರಾನ್ ಕಿರಣವನ್ನು ಟ್ಯಾಂಟಲಮ್ ಫಲಕಕ್ಕೆ ಬಡಿಸಿದರೆ ತೀಕ್ಷ್ಣ ಕ್ಷ-ಕಿರಣಗಳು ಹೊಮ್ಮುತ್ತವೆ. ಆ ಕ್ಷ-ಕಿರಣಗಳು ಬೆರಿಲಿಯಮ್ಮಿನ ಮೇಲೆ ಬಿದ್ದರೆ ನ್ಯೂಟ್ರಾನುಗಳು ಬಿಡುಗಡೆಯಾಗುತ್ತವೆ. ಹೀಗೆ ಒಂದೇ ಯಂತ್ರದಿಂದ ಮೂರು ಬಗೆಯ ವಿಕಿರಣ ದೊರೆಯುವುದರಿಂದ ಭಾರಧಾತುಗಳ ವಿದಳನ, ಪಾಲಿಮರ್ ಹಾಳೆಗಳ ಗುಣವ್ಯತ್ಯಾಸ, ಜೀವಕೋಶಗಳ ಮೇಲಣ ಪರಿಣಾಮ ಇವೆಲ್ಲವೂ ಇಲ್ಲಿ ಅಧ್ಯಯನಕ್ಕೆ ಒಳಗಾಗಿವೆ. ಅರೆವಾಹಕಗಳ ಕುರಿತ ಕೆಲಸಕ್ಕೆ ಹೆಚ್ಚಿನ ತೂಕವಿದೆ. ಭೂಮಿಯ ಸುತ್ತಲಿನ ವಿಕಿರಣ ವಲಯಗಳ ಎಲೆಕ್ಟ್ರಾನುಗಳು ಉಪಗ್ರಹಗಳ ಟ್ರಾನ್ಸಿಸ್ಟರುಗಳನ್ನೂ ಸೌರಕೋಶಗಳನ್ನೂ ಸವೆಸುತ್ತವೆ. ವರ್ಷಗಳ ಆ ಸವೆತವನ್ನು ವೇಗೋತ್ಕರ್ಷಕದ ಮುಂದಿಟ್ಟು ಅಲ್ಪಕಾಲದಲ್ಲಿ ಅಳೆಯಬಹುದು. ಕಾಪು ಸೀಮೆಯ ಅದಮಾರಿನಲ್ಲಿ ಹುಟ್ಟಿ, ವಿಶ್ವಕಿರಣಗಳ ಅಧ್ಯಯನದಿಂದ ಆರಂಭಿಸಿ 1975ರ ಆರ್ಯಭಟ ಉಪಗ್ರಹದ ನಿರ್ಮಾಣಕ್ಕೆ ನೇತೃತ್ವ ವಹಿಸಿದ ಯು. ಆರ್. ರಾವ್ ಅವರ ಕಾರ್ಯಕ್ಷೇತ್ರಕ್ಕೆ ಕೊಣಾಜೆಯ ಈ ಅಳತೆಗಳು ಹತ್ತಿರದ ನಂಟು ಹೊಂದಿವೆ. ಕ್ಯಾನ್ಸರ್ ಚಿಕಿತ್ಸೆಗೆ ಮಣಿಪಾಲದಂಥ ವೈದ್ಯಕೀಯ ಕೇಂದ್ರಗಳಲ್ಲಿ ಬಳಕೆಯಲ್ಲಿರುವ ರೇಖೀಯ ವೇಗೋತ್ಕರ್ಷಕಗಳಲ್ಲಿಯೂ ಇದೇ ಸ್ಪಂದಶಕ್ತಿ ತಂತ್ರವಿದೆ. ಅಲ್ಲಿ ಎಲೆಕ್ಟ್ರಾನುಗಳು ಸುತ್ತುವುದಿಲ್ಲ, ನೇರ ಕೊಳವೆಯಲ್ಲಿ ಓಡುತ್ತವೆ.