ಕೈಬರಹದಿಂದ ಕೀಲಿಮಣೆಗೆ: ಸಂಘದ ಕಾಗದಪತ್ರದ ಕಥೆ

ಬೆಳ್ಳಿಹಬ್ಬದ ಸ್ಮರಣ ಸಂಚಿಕೆ ತರಬೇಕೆಂದು ಆಡಳಿತ ಮಂಡಳಿಯಲ್ಲಿ ಠರಾವಾದಾಗ ಸಾಲ, ಠೇವು, ಗೊಬ್ಬರ, ರೇಶನ್ನಿನ ಇತಿಹಾಸವನ್ನು ಬೇರೆ ನಿರ್ದೇಶಕರು ವಹಿಸಿಕೊಂಡರು. ಉಳಿದದ್ದು ಕಾಗದಪತ್ರದ ವಿಷಯ, ಅದು ನಮ್ಮ ಪಾಲಿಗೆ ಬಂತು. ಹಗುರಾದ ಕೆಲಸ ಎಂದುಕೊಂಡು ಕಪಾಟು ತೆಗೆದೆವು. ಮೊದಲ ವರ್ಷದ ನಡಾವಳಿ ಪುಸ್ತಕ ಶಾಯಿ ಸ್ವಲ್ಪ ಮಾಸಿದರೂ ಚೆಂದಾಗಿ ಓದಲು ಬಂತು. ಆದರೆ ಅದಕ್ಕಿಂತ ಈಚಿನ ಮೂರು ವಾರ್ಷಿಕ ವರದಿಗಳು ಓದಲಿಕ್ಕೇ ಬರಲಿಲ್ಲ. ಗೆದ್ದಲು ತಿಂದದ್ದಲ್ಲ, ಸೋರಿಕೆ ನೀರು ಬಿದ್ದದ್ದೂ ಅಲ್ಲ. ಭದ್ರವಾಗಿರಲಿ ಎಂದು ಕಂಪ್ಯೂಟರಿನಲ್ಲಿ ಇಟ್ಟವು ಅವು! ಹೀಗೇಕಾಯಿತು ಎಂದು ಹೇಳಬೇಕಾದರೆ ಕನ್ನಡ ಅಕ್ಷರ ಯಂತ್ರಕ್ಕೆ ಹತ್ತಿದ ಕಥೆಯನ್ನೇ ಸ್ವಲ್ಪ ಹೇಳಬೇಕು.

ಕನ್ನಡಕ್ಕೂ ಯಂತ್ರಕ್ಕೂ ಮೊದಲಿನಿಂದಲೂ ಅಷ್ಟು ಸಲೀಸಿಲ್ಲ. 1817ರಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ದೂರದ ಬಂಗಾಳದ ಶ್ರೀರಾಂಪುರದಲ್ಲಿ ಅಚ್ಚಾಯಿತು. ನಮ್ಮ ಕರಾವಳಿಯಲ್ಲಿ 1843ರಲ್ಲಿ ಹೊರಟ 'ಮಂಗಳೂರ ಸಮಾಚಾರ' ಕಲ್ಲಚ್ಚಿನಲ್ಲಿ ಬಂತು. ಇಂಗ್ಲೀಷಿಗೆ ಇಪ್ಪತ್ತಾರು ಅಕ್ಷರ, ದೊಡ್ಡದು ಸಣ್ಣದು ಸೇರಿ ಐವತ್ತೆರಡು. ನಮಗೆ ಕಾಗುಣಿತ, ಒತ್ತು, ಅರ್ಕಾವತ್ತು ಎಲ್ಲಾ ಸೇರಿ ಮೊಳೆಗಳ ರಾಶಿ. ಮುಂದೆ ಅನಂತ ಸುಬ್ಬರಾಯರು ಇಷ್ಟನ್ನೂ ಟೈಪ್‌ರೈಟರಿನ ಕೆಲವೇ ಕೀಲಿಗಳಲ್ಲಿ ಹಿಡಿಸಿ ಕನ್ನಡದ ಕೀಲಿಮಣೆ ಮಾಡಿಕೊಟ್ಟರು. ಅಕ್ಷರವನ್ನು ತುಂಡು ತುಂಡಾಗಿ ಹೊಡೆದು ಜೋಡಿಸುವ ವಿದ್ಯೆ ಅದು. ಕಲಿಯಲು ತಿಂಗಳುಗಟ್ಟಲೆ ಬೇಕು. ನಮ್ಮ ಸಂಘ ಹುಟ್ಟಿದಾಗ ಅಂಥ ಯಂತ್ರ ಕೊಳ್ಳುವ ತಾಕತ್ತೂ ಇರಲಿಲ್ಲ, ಹೊಡೆಯುವವರೂ ಇರಲಿಲ್ಲ. ಕಾರ್ಬನ್ ಇಟ್ಟು ಬರೆಯುವುದು, ಅಚ್ಚುಕಟ್ಟಾಗಿ ಬೇಕಾದದ್ದನ್ನು ಯಲ್ಲಾಪುರಕ್ಕೆ ಒಯ್ದು ಟೈಪು ಮಾಡಿಸುವುದು, ಇಷ್ಟೇ.

ಕಂಪ್ಯೂಟರಿನಲ್ಲಿ ಬರೆಯುವ ತಂತ್ರ ಆಗ ಹೊಸತೇನಲ್ಲ. ವರ್ಡ್‌ಸ್ಟಾರ್ ಎಂಬುದು 1978ರಲ್ಲೇ ಬಂದಿತ್ತು. ಆದರೆ ಅದೆಲ್ಲ ಇಂಗ್ಲೀಷಿನದು. ಕನ್ನಡಕ್ಕೆ ಸುಲಭದ ದಾರಿ ಮಾಡಿದವರಲ್ಲಿ ಮಂಗಳೂರು ಕಡೆಯ ಕಿನ್ನಿಕಂಬಳದ ಕೆ. ಪಿ. ರಾವ್ ಅವರನ್ನು ಮೊದಲು ನೆನೆಯಬೇಕು. ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟು ಅವರು ಮಾಡಿದ 'ಸೇಡಿಯಾಪು' ತಂತ್ರಾಂಶವನ್ನು ದುಡ್ಡು ಕೇಳದೆ ಹಂಚಿದರು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ'. ಕೆ. ಪಿ. ರಾಯರ ಕೀಲಿ ಜೋಡಣೆಯನ್ನೇ ಸರಕಾರವೂ ಒಪ್ಪಿಕೊಂಡಿತು.

ಅದರ ಮರ್ಮ ತಿಳಿದರೆ ಯಾರಾದರೂ ಕಲಿಯಬಹುದು. ಇಂಗ್ಲೀಷಿನಲ್ಲಿ ಬರೆದಂತೆ ಪ್ರತಿ ಅಕ್ಷರಕ್ಕೂ 'ಎ' ಹಚ್ಚಬೇಕಿಲ್ಲ. ಜಿ, ಡಿ, ಜಿ ಎಂದು ಮೂರು ಕೀಲಿ ಒತ್ತಿದರೆ 'ಗದಗ' ಆಯಿತು. (ಸಹಕಾರಿಗಳಾದ ನಮಗೆ ಗದಗ ಮರೆಯುವ ಹೆಸರಲ್ಲ. 1905ರಲ್ಲಿ ಮೊದಲ ಕೃಷಿ ಪತ್ತಿನ ಸಂಘ ಆದದ್ದು ಆ ತಾಲೂಕಿನ ಕಣಗಿನಹಾಳದಲ್ಲಿ.) ಒತ್ತು ಬೇಕಾದರೆ ನಡುವೆ ಎಫ್ ಕೀಲಿ. 'ಡ' ಮಾತ್ರ ಡಬ್ಲ್ಯೂ ಕೀಲಿಯಲ್ಲಿದೆ, ಅದನ್ನು ನೆನಪಿಡಬೇಕು. ಹಾಗಾಗಿ ನಮ್ಮ ಇಡಗುಂದಿಗೆ ಏಳು ಸಲ ಒತ್ತಿದರೆ ಸಾಕು: ಐ, ಡಬ್ಲ್ಯೂ, ಜಿ, ಯು, ದೊಡ್ಡ ಎಂ, ಡಿ, ಐ.

2004ರಲ್ಲಿ ಸಂಘಕ್ಕೆ ಕಂಪ್ಯೂಟರ್ ಬಂತು. ಸೆಕ್ರೆಟರಿ, ಗುಮಾಸ್ತರು, ನಾವು ನಿರ್ದೇಶಕರಲ್ಲಿ ಮೂವರು, ಎಲ್ಲಾ ಸಂಜೆ ಕೂತು ಒಂದೊಂದೇ ಬೆರಳಿನಲ್ಲಿ ಕಲಿತೆವು. ತೋಟದ ಕೆಲಸ ಮಾಡಿದ ಬೆರಳು ಒಂದು ಕೀಲಿ ಒತ್ತಲು ಹೋದರೆ ಎರಡು ಒತ್ತುತ್ತಿತ್ತು. ಆ ಮಳೆಗಾಲದಲ್ಲಿ ಸರ್ವಸಾಧಾರಣ ಸಭೆಯ ವರದಿ ಅರ್ಧಕ್ಕಿಂತ ಹೆಚ್ಚು ಹೊಡೆದಾಗಿತ್ತು. ಅರಬೈಲ್ ಘಟ್ಟದ ಮೇಲೆ ಎಲ್ಲೋ ಮರ ಬಿದ್ದು ಕರೆಂಟು ಹೋಯಿತು. ಪರದೆ ಕಪ್ಪು. ನಮ್ಮ ಹಿರಿಯ ನಿರ್ದೇಶಕರೊಬ್ಬರು, "ತಮಾ, ಬರದಿದ್ದೆಲ್ಲಾ ಎಲ್ಲಿಗೆ ಹೋತಾ?" ಎಂದು ಕೇಳಿದರು. ಯಾರಿಗೂ ಉತ್ತರ ಗೊತ್ತಿರಲಿಲ್ಲ. 'ಸೇವ್' ಮಾಡಬೇಕು ಎಂಬುದನ್ನು ಕಲಿತದ್ದು ಆ ರಾತ್ರಿ. ಮಾರನೇ ದಿನ ಅವರು ಕಂಪ್ಯೂಟರಿನ ಪಕ್ಕದ ಗೋಡೆಗೆ "ಪ್ರತಿ ಪ್ಯಾರಾಕ್ಕೊಮ್ಮೆ ಸೇವ್" ಎಂದು ಕೈಯಲ್ಲೇ ಬರೆದು ಅಂಟಿಸಿದರು!

ಮುಂದಿನ ವರ್ಷ ಇನ್ನೊಂದು ವಿದ್ಯೆ ಕಲಿತೆವು. ಹಳೇ ನೋಟೀಸನ್ನು ಕಾಪಿ ಮಾಡಿ ತಿದ್ದಿದರೆ ಮತ್ತೆ ಹೊಡೆಯುವ ತ್ರಾಸಿಲ್ಲ. ಹಾಗೆ ಮಾಡಿ ತಾರೀಖು ಬದಲಿಸಿ, ಇಸವಿ ಬದಲಿಸಲು ಮರೆತು, ಕಳೆದ ವರ್ಷದ ಸಭೆಗೆ ಸದಸ್ಯರನ್ನು ಆಮಂತ್ರಿಸಿದ್ದೆವು. ಆ ತಪ್ಪು ಪೂರ್ತಿ ನಮ್ಮದೇ. ಸಭೆಯಲ್ಲಿ ನಗೆಯಾಯಿತು, ಅಷ್ಟಕ್ಕೇ ಹೋಯಿತು.

ದೊಡ್ಡ ಪೆಟ್ಟು ಬಿದ್ದದ್ದು ನಿಧಾನಕ್ಕೆ. ಆಗಿನ ನುಡಿ, ಬರಹದ ಅಕ್ಷರಗಳ ಒಳಗುಟ್ಟು ನಮಗೆ ತಿಳಿದಿರಲಿಲ್ಲ. ಕಂಪ್ಯೂಟರಿನ ಹೊಟ್ಟೆಯೊಳಗೆ ಇರುತ್ತಿದ್ದದ್ದು ಇಂಗ್ಲೀಷಿನ ಅಕ್ಷರ ಮತ್ತು ಚಿಹ್ನೆ. ಫಾಂಟು ಅದಕ್ಕೆ ಕನ್ನಡದ ವೇಷ ಹಾಕಿ ತೋರಿಸುತ್ತಿತ್ತು. ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ವೇಷ ಕಳಚಿತು. ನುಡಿಯಲ್ಲಿ 'ಕನ್ನಡ' ಎಂದು ಹೊಡೆದದ್ದರ ನಡುವೆ ಇಂಗ್ಲೆಂಡಿನ ಪೌಂಡಿನ ಗುರುತು ಕಾಣುತ್ತದೆ! ಎಲ್ಲ ಭಾಷೆಗೂ ಪ್ರತ್ಯೇಕ ಸಂಕೇತ ಕೊಡುವ ಯುನಿಕೋಡ್ 1991ರಲ್ಲೇ ಬಂದಿತ್ತು, ಅದರಲ್ಲಿ ಕನ್ನಡವೂ ಇತ್ತು. ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಎಂಬ ಕನ್ನಡ ಫಾಂಟೂ ಇತ್ತು. ಆದರೆ ಅದು ನಮ್ಮ ಟೇಬಲ್ಲಿಗೆ ಬಂದು ರೂಢಿಯಾಗಲು ಬಹಳ ವರ್ಷ ಬೇಕಾಯಿತು.

2022ರ ಜೂನ್ 29ರಂದು ಕೇಂದ್ರ ಸಂಪುಟ 63 ಸಾವಿರ ಪ್ರಾಥಮಿಕ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಕಿರ್ದಿ, ಖತಾವಣಿಗೆ ಇದರಿಂದ ಒಳ್ಳೆಯದೇ. ಆದರೆ ನಮ್ಮ ಹಳೇ ವರದಿಗಳನ್ನು ಯಾವ ಯೋಜನೆಯೂ ಓದಿಕೊಡುವುದಿಲ್ಲ. ಈ ಸಂಚಿಕೆಗಾಗಿ ಅವನ್ನು ನಾವೇ ಒಂದೊಂದಾಗಿ ಯುನಿಕೋಡಿಗೆ ಪರಿವರ್ತಿಸಿದೆವು. ಅರ್ಕಾವತ್ತು ಇದ್ದ ಕಡೆ ಎಡವಟ್ಟಾಗುತ್ತಿತ್ತು. ಸಂಘದ ವರದಿಯಲ್ಲಿ ವರ್ಷ, ಖರ್ಚು, ಅರ್ಜಿ, ಸರ್ವಾನುಮತ ಇಲ್ಲದ ಸಾಲು ಯಾವುದು? ಊರಿನ ಕಾಲೇಜು ಹುಡುಗಿಯರಿಬ್ಬರು ಕೂತು ಸಾಲು ಸಾಲು ತಿದ್ದಿಕೊಟ್ಟರು. ಅವರು ಹತ್ತು ಬೆರಳಿನಲ್ಲಿ ಹೊಡೆಯುವುದನ್ನು ನಾವು ನಿಂತು ನೋಡಿದೆವು.

2005-06, 2006-07 ಮತ್ತು 2007-08ರ ವರದಿಗಳು ಮಾತ್ರ ಫ್ಲಾಪಿಯಲ್ಲಿದ್ದವು. ಮಳೆಗಾಲದ ಥಂಡಿಗೆ ಬೂಸ್ಟು ಹಿಡಿದು ಅವು ತೆರೆಯಲೇ ಇಲ್ಲ. ಅಚ್ಚಾದ ಪ್ರತಿಗಳು ಕಚೇರಿಯಿಂದ ಯಾರಿಗೋ ಓದಲು ಹೋಗಿ ತಿರುಗಿ ಬಂದಿಲ್ಲ. ಆ ಮೂರು ವರ್ಷ ಸಭೆಗೆ ಬಂದವರಿಗೆಲ್ಲ ಒಂದೊಂದು ಪ್ರತಿ ಕೊಟ್ಟದ್ದು ನಮಗೆ ನೆನಪಿದೆ. ಯಾರ ಮನೆಯ ಪೆಟ್ಟಿಗೆಯಲ್ಲಾದರೂ, ಅಟ್ಟದ ಮೇಲಾದರೂ ಇದ್ದರೆ ದಯಮಾಡಿ ಕಚೇರಿಗೆ ತಂದುಕೊಡಿ. ಝೆರಾಕ್ಸ್ ತೆಗೆದು ಅಂದೇ ವಾಪಸು ಕೊಡುತ್ತೇವೆ.