ಗುಜರಿಗೆ ಬಂದ ಗಾನ: ಹಳೆಯ ಗ್ರಾಮಫೋನ್ ತಟ್ಟೆಗಳ ಪೇಟೆ

ಭಾರತದ ನಗರಗಳಲ್ಲಿ ಹಳೆಯ ಗ್ರಾಮಫೋನ್ ತಟ್ಟೆಗಳ ವ್ಯಾಪಾರವು ಸಂಗೀತದ ಅಂಗಡಿಗಳಿಗಿಂತ ಹೆಚ್ಚಾಗಿ ಗುಜರಿ ಅಂಗಡಿಗಳ ನೆರಳಿನಲ್ಲಿ ಬೆಳೆದುಬಂದಿದೆ. ಕೊಳ್ಳುವವರು ಅಲ್ಲಿ ಪಡೆದ ಸಂತೋಷಕ್ಕೂ ಪಟ್ಟ ಮೋಸಕ್ಕೂ ಮೂಲವನ್ನು ಈ ಹುಟ್ಟಿನಲ್ಲಿಯೇ ಹುಡುಕಬೇಕಾಗುತ್ತದೆ. ಧ್ವನಿಮುದ್ರಿಕೆ, ಪ್ಲೇಟು, ರೆಕಾರ್ಡು ಎಂದೆಲ್ಲ ಕರೆಯಲಾದ ಈ ತಟ್ಟೆಯು ಮೊದಲ ಅರ್ಧ ಶತಮಾನದಲ್ಲಿ ನಿಮಿಷಕ್ಕೆ ಸುಮಾರು 78 ಸುತ್ತು ತಿರುಗುವ, ಕೈಜಾರಿ ಬಿದ್ದರೆ ಒಡೆಯುವ ವಸ್ತುವಾಗಿತ್ತು. ಅರಗಿನ ಹುಳು ಮರದ ಕೊಂಬೆಗಳ ಮೇಲೆ ಸ್ರವಿಸುವ ಅಂಟನ್ನು ಶುದ್ಧಿಮಾಡಿ ತೆಗೆದ ಶೆಲ್ಯಾಕ್ ಎಂಬ ಪದಾರ್ಥಕ್ಕೆ ಕಲ್ಲಿನ ಪುಡಿ, ಹತ್ತಿಯ ನಾರು ಮತ್ತು ಕಾಡಿಗೆಯನ್ನು ಬೆರೆಸಿ, ಬಿಸಿಮಾಡಿ ಅಚ್ಚೊತ್ತಿ ಅದನ್ನು ತಯಾರಿಸುತ್ತಿದ್ದರು. ಜಗತ್ತಿಗೆ ಬೇಕಾದ ಅರಗಿನ ಬಹುಭಾಗವನ್ನು ಒದಗಿಸುತ್ತಿದ್ದುದು ಛೋಟಾ ನಾಗಪುರದ ಕಾಡುಗಳೂ ಅವುಗಳ ಆಸುಪಾಸಿನ ಪ್ರದೇಶಗಳೂ ಆಗಿದ್ದುವು. ಗ್ರಾಮಫೋನ್ ಕಂಪನಿಯು 1908ರಲ್ಲಿ ಕಲ್ಕತ್ತೆಯ ಸಿಯಾಲ್ಡಾದಲ್ಲಿಯೂ 1928ರಲ್ಲಿ ದಮ್‌ದಮ್‌ನಲ್ಲಿಯೂ ಕಾರ್ಖಾನೆಗಳನ್ನು ತೆರೆದುದಕ್ಕೆ ಈ ಸಾಮೀಪ್ಯವೂ ಒಂದು ಅನುಕೂಲವಾಗಿತ್ತು. ಅರಗನ್ನು ಮತ್ತೆ ಕರಗಿಸಲು ಬರುತ್ತದೆಯಾದ್ದರಿಂದ ಒಡೆದ ತಟ್ಟೆಗೂ ಕಚ್ಚಾವಸ್ತುವಿನ ಬೆಲೆಯಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಅಮೆರಿಕದ ಸರ್ಕಾರವು ತಟ್ಟೆಗಳಿಗಾಗಿ ಬಳಸುವ ಶೆಲ್ಯಾಕನ್ನು ತೀವ್ರವಾಗಿ ಕಡಿತಗೊಳಿಸಿದಾಗ, ಹೊಸ ತಟ್ಟೆ ಬೇಕಾದವರು ಹಳೆಯದನ್ನು ಅಂಗಡಿಗೆ ಒಪ್ಪಿಸುವ ಪದ್ಧತಿ ಅಲ್ಲಿ ಬಳಕೆಗೆ ಬಂದಿತು. ಹಾಡಿನ ಯೋಗ್ಯತೆ ಏನೇ ಇರಲಿ, ತಟ್ಟೆಗೆ ತೂಕದ ಬೆಲೆಯೊಂದು ಉಂಟು ಎಂಬ ತಿಳಿವಳಿಕೆ ಹೀಗೆ ವ್ಯಾಪಾರದ ಒಳಗೇ ಮನೆಮಾಡಿತ್ತು.

ತೂಕಕ್ಕೆ ಬಿಕರಿಯಾಗುವ ಈ ವಸ್ತುವಿನೊಳಗೆ ಏನಿದೆಯೆಂದು ಕಣ್ಣಿಗೆ ಕಾಣುವುದಿಲ್ಲ. ಹಳೆಯ ಪುಸ್ತಕವನ್ನು ಅಂಗಡಿಯ ಮುಂದೆ ನಿಂತು ನಾಲ್ಕು ಪುಟ ಓದಿ ನೋಡಬಹುದು. ತಟ್ಟೆಯನ್ನು ನುಡಿಸದೆ ಅದರ ಸ್ಥಿತಿಯನ್ನಾಗಲಿ ಗುಣವನ್ನಾಗಲಿ ಪೂರ್ತಿಯಾಗಿ ತಿಳಿಯುವಂತಿಲ್ಲ. ಆದ್ದರಿಂದ ನಡುವೆ ಅಂಟಿಸಿದ ದುಂಡನೆಯ ಕಾಗದ, ಅಂದರೆ ಲೇಬಲ್ಲು, ಮತ್ತು ಅದರ ಸುತ್ತಲಿನ ಖಾಲಿ ಜಾಗದಲ್ಲಿ ಒತ್ತಿದ ಸಂಖ್ಯೆಗಳೇ ಕೊಳ್ಳುವವನಿಗೆ ದಾರಿ ತೋರಿಸಬೇಕಾಗಿತ್ತು. ಲೇಬಲ್ಲನ್ನು ನಂಬಲಾಗದ ಪರಿಸ್ಥಿತಿಯಾದರೋ ಆರಂಭದಿಂದಲೂ ಇತ್ತು. 1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬ ತಂತ್ರಜ್ಞನು ಕಲ್ಕತ್ತೆಯಲ್ಲಿ ಗೌಹರ್ ಜಾನ್ ಮೊದಲಾದವರ ಗಾಯನವನ್ನು ಮುದ್ರಿಸಿಕೊಂಡಾಗ ಅಚ್ಚೊತ್ತುವ ಕಾರ್ಖಾನೆಯಿದ್ದುದು ಜರ್ಮನಿಯ ಹ್ಯಾನೋವರ್‌ನಲ್ಲಿ. ಭಾಷೆಯರಿಯದ ಅಲ್ಲಿಯ ಕೆಲಸಗಾರರಿಗೆ ಗುರುತು ಸಿಗಲೆಂದು ಗಾಯಕರು ಹಾಡಿನ ಕೊನೆಯಲ್ಲಿ ತಮ್ಮ ಹೆಸರನ್ನು ತಾವೇ ಇಂಗ್ಲಿಷಿನಲ್ಲಿ ಸಾರುತ್ತಿದ್ದರೆಂದು ಈ ಕ್ಷೇತ್ರದ ಇತಿಹಾಸಕಾರರು ವಿವರಿಸುತ್ತಾರೆ. ಗೌಹರ್ ಜಾನ್ ತಮ್ಮ ಕೊನೆಯ ದಿನಗಳನ್ನು ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದ ಆಶ್ರಯದಲ್ಲಿ ಕಳೆದು, 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ಅವರ ಹೆಸರು ಲೇಬಲ್ಲಿನಿಂದ ಅಳಿಸಿಹೋದ ತಟ್ಟೆಯಲ್ಲಿಯೂ ಆ ಘೋಷಣೆ ಉಳಿದಿರುತ್ತದೆ, ಆದರೆ ಅದನ್ನು ಕೇಳಲು ಮುಳ್ಳನ್ನು ತಟ್ಟೆಯ ಮೇಲೆ ಇಡಲೇಬೇಕು.

ಹೆಸರುಗಳ ಗೊಂದಲಕ್ಕೆ ಕರ್ನಾಟಕದಲ್ಲಿಯೇ ಒಳ್ಳೆಯ ನಿದರ್ಶನವುಂಟು. ಗಂಗೂಬಾಯಿ ಹಾನಗಲ್ಲರ 1930ರ ದಶಕದ ಆರಂಭದ ತಟ್ಟೆಗಳು ಗಾಂಧಾರಿ ಎಂಬ ಹೆಸರಿನಲ್ಲಿ, ಹುಬ್ಬಳ್ಳಿಯ ಊರಹೆಸರಿನೊಡನೆ ಹೊರಬಂದುವು. ನಂತರದ ಅವರ ಗಂಭೀರವಾದ ದನಿಗೂ ಆ ಕಾಲದ ಎಳೆಯ, ತೆಳುವಾದ ದನಿಗೂ ಇರುವ ಅಂತರ ಬಹಳ ದೊಡ್ಡದಾದ್ದರಿಂದ, ಈ ಸಂಗತಿ ಗೊತ್ತಿಲ್ಲದವನು ಆ ತಟ್ಟೆಯನ್ನು ನುಡಿಸಿ ಕೇಳಿದ ಮೇಲೂ ಯಾರೋ ಮರೆತುಹೋದ ಗಾಯಕಿಯದೆಂದು ಬದಿಗಿಡುವುದು ಅಸಂಭವವಲ್ಲ. ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳು ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದುದರಿಂದ ಅಲ್ಲಿಯ ಮನೆಗಳ ಅಟ್ಟಗಳಿಂದ ಹಿಂದುಸ್ಥಾನಿ ಗಾಯನವೂ ಮರಾಠಿ ರಂಗಗೀತೆಗಳೂ ಇಳಿದುಬರುವುದು ಸಹಜವಾಗಿತ್ತು. ಹಳೆಯ ಮೈಸೂರು ಸೀಮೆಯಾದರೋ ಹೆಚ್ಚಾಗಿ ಮದರಾಸಿನ ಕಡೆಗೆ ಮುಖಮಾಡಿತ್ತು. ಜರ್ಮನ್ ಮೂಲದ ಓಡಿಯನ್ ತಟ್ಟೆಗಳನ್ನು ದಕ್ಷಿಣದಲ್ಲಿ ಹರಡಿದ ಸರಸ್ವತಿ ಸ್ಟೋರ್ಸ್ ಮದರಾಸಿನ ಸಂಸ್ಥೆಯಾಗಿದ್ದು, ಮುಂದೆ ಚಿತ್ರ ನಿರ್ಮಾಪಕರಾಗಿ ಹೆಸರಾದ ಎ. ವಿ. ಮೇಯಪ್ಪನ್ ಅದರ ಪಾಲುದಾರರಲ್ಲಿ ಒಬ್ಬರಾಗಿದ್ದರು. ಹೊಸ ತಟ್ಟೆಗಳು ಹರಡಿದ ಈ ದಾರಿಗಳೇ ಐವತ್ತು ವರ್ಷಗಳ ಅನಂತರ ಗುಜರಿಯ ರಾಶಿಗಳ ಒಳಹುರುಳನ್ನೂ ಬಹುಮಟ್ಟಿಗೆ ನಿರ್ಧರಿಸಿದುವೆಂದು ಹೇಳಬಹುದು.

ಹೊಸ ತಟ್ಟೆಯ ಅಂಗಡಿ ಧಾರಾಳವಾದ ಜಾಗವಾಗಿತ್ತು. ಗಿರಾಕಿಗಳನ್ನು ಸೆಳೆಯಲೆಂದು ಹಾಡನ್ನು ಬೀದಿಗೆ ಕೇಳುವಂತೆ ಹಾಕುತ್ತಿದ್ದರು. ಬಾಲಕ ಭೀಮಸೇನ ಜೋಶಿಯವರು ಅಬ್ದುಲ್ ಕರೀಮ್ ಖಾನರ ಠುಮ್ರಿಯೊಂದನ್ನು ಅಂಗಡಿಯ ತಟ್ಟೆಯಲ್ಲಿ ಕೇಳಿ, ಅದರ ಗುಂಗಿನಲ್ಲಿ 1933ರಲ್ಲಿ ಗುರುವನ್ನು ಹುಡುಕುತ್ತ ಮನೆ ಬಿಟ್ಟರೆಂಬ ವೃತ್ತಾಂತ ಕನ್ನಡಿಗರಿಗೆ ಪರಿಚಿತವೇ ಆಗಿದೆ. ಹಳೆಯ ತಟ್ಟೆಯ ವ್ಯಾಪಾರಿಗೆ ಈ ಧಾರಾಳತನ ಕೈಗೆಟುಕುವಂಥದ್ದಲ್ಲ. ಬೀದಿಯ ಬದಿಯಲ್ಲಿ ಗೋಣಿತಾಟು ಹಾಸಿ ರಾಶಿ ಒಡ್ಡಿದವನ ಬಳಿ ಯಂತ್ರವೇ ಇರುತ್ತಿರಲಿಲ್ಲ. ಇದ್ದವರಲ್ಲಿ ಕೆಲವರು ನುಡಿಸಿ ತೋರಿಸಲು ಒಪ್ಪುತ್ತಿರಲಿಲ್ಲ, ಏಕೆಂದರೆ ನುಡಿಸಿದಷ್ಟೂ ದೋಷ ಬಯಲಾಗುತ್ತದೆ ಮತ್ತು ಚೌಕಾಸಿಗೆ ಗಿರಾಕಿಯ ಕೈಯಲ್ಲಿ ಆಧಾರ ಸಿಗುತ್ತದೆ. ನುಡಿಸಲು ಬಿಡುವ ಅಂಗಡಿ, ಬಿಡದ ಅಂಗಡಿ ಎಂಬ ಭೇದವೇ ಈ ಪೇಟೆಯಲ್ಲಿ ವಿಶ್ವಾಸದ ಮುಖ್ಯ ಅಳತೆಯಾಗಿ ನಿಂತಿತು. ಮಿಕ್ಕ ಶಿಷ್ಟಾಚಾರಗಳನ್ನು, ಚಹಾ ತರಿಸುವುದನ್ನೂ ಸೇರಿಸಿ, ಅಷ್ಟಾಗಿ ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ.

ನುಡಿಸಲು ಅವಕಾಶವಿಲ್ಲದಲ್ಲಿ ಅನುಭವಸ್ಥರು ಬೇರೆ ಪರೀಕ್ಷೆಗಳನ್ನು ರೂಢಿಸಿಕೊಂಡರು. ಶೆಲ್ಯಾಕ್ ತಟ್ಟೆಯ ಅಂಚನ್ನು ಹಗುರವಾಗಿ ಹಿಡಿದು ಬೆರಳ ಗೆಣ್ಣಿನಿಂದ ತಟ್ಟಿದರೆ ಸರಿಯಾದ ತಟ್ಟೆ ಸ್ವಚ್ಛವಾಗಿ ದನಿಗೊಡುತ್ತದೆ. ಕಣ್ಣಿಗೆ ಕಾಣದ ಬಿರುಕಿದ್ದರೆ ದನಿ ಮಂಕಾಗಿ, ಒಡಕಾಗಿ ಕೇಳಿಸುತ್ತದೆ. ಮಡಕೆ ಕೊಳ್ಳುವವರು ಶತಮಾನಗಳಿಂದ ಮಾಡಿಕೊಂಡು ಬಂದ ಪರೀಕ್ಷೆಯೇ ಇದು. ತಟ್ಟೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಅಂಚಿನ ಮೇಲೆ ನೋಟ ಹಾಯಿಸಿದರೆ ಬಿಸಿಲಿಗೆ ಬಾಗಿದ್ದು ಗೊತ್ತಾಗುತ್ತದೆ. ದನಿಯನ್ನು ಹೊತ್ತ ಸುರುಳಿ ಗೆರೆಗಳನ್ನು ಓರೆ ಬೆಳಕಿಗೆ ಒಡ್ಡಿದಾಗ ಅವು ಕಪ್ಪಾಗಿ ಮಿನುಗಿದರೆ ಒಳ್ಳೆಯದು, ಬೂದುಬಣ್ಣಕ್ಕೆ ತಿರುಗಿದ್ದರೆ ಉಕ್ಕಿನ ಮುಳ್ಳು ಅವುಗಳ ಗೋಡೆಯನ್ನು ತಿಂದುಹಾಕಿದೆಯೆಂದು ಅರ್ಥ. ಈ ಬೂದುಬಣ್ಣ ಭಾರತದ ತಟ್ಟೆಗಳಲ್ಲಿ ಸಾಮಾನ್ಯವಾಗಿ ಕಾಣುವುದಕ್ಕೆ ಕಾರಣ ಮಿತವ್ಯಯವೇ ಹೊರತು ಬೇರೆಯಲ್ಲ: ಒಂದು ಮಗ್ಗುಲು ನುಡಿಸಿದೊಡನೆ ಮುಳ್ಳನ್ನು ಎಸೆದು ಹೊಸದನ್ನು ಹಾಕಬೇಕೆಂಬುದು ತಯಾರಕರ ಸೂಚನೆಯಾಗಿತ್ತು; ಅದನ್ನು ಪಾಲಿಸಿದ ಮನೆಗಳು ಹೆಚ್ಚಿರಲಾರವು. ಸವೆದ ತಟ್ಟೆಗೆ ಎಣ್ಣೆಯ ಪಸೆ ಸವರಿ ಹೊಳಪು ಬರಿಸುವುದು, ಜನಪ್ರಿಯ ಚಿತ್ರದ ಹೊದಿಕೆಯೊಳಗೆ ಬೇರೆ ತಟ್ಟೆಯನ್ನು ಸೇರಿಸುವುದು, ಒಂದು ಒಳ್ಳೆಯ ತಟ್ಟೆಯನ್ನು ಮೇಲಿಟ್ಟು ಇಡೀ ಲಾಟನ್ನು ಒಟ್ಟಿಗೆ ಕೊಂಡರೆ ಮಾತ್ರ ಕೊಡುವೆನೆಂದು ಹಟ ಹಿಡಿಯುವುದು, ಇವೆಲ್ಲ ಪೇಟೆಯ ಹಳೆಯ ಚಾಳಿಗಳು. ಹಾನಿಯೆಲ್ಲ ಮೋಸದಿಂದಲೇ ಆದದ್ದಲ್ಲ. ಶೆಲ್ಯಾಕ್ ಮದ್ಯಸಾರದಲ್ಲಿ ಕರಗುತ್ತದೆಂಬುದನ್ನು ಅರಿಯದೆ, ಸ್ವಚ್ಛಗೊಳಿಸಲೆಂದು ಸ್ಪಿರಿಟ್ ಒರೆಸಿ ಒಳ್ಳೆಯ ತಟ್ಟೆಯನ್ನು ಹಾಳುಗೆಡವಿದ ಸಂಗ್ರಾಹಕರೂ ಇದ್ದಾರೆ.

ಮನೆಗಳಿಂದ ತಟ್ಟೆಗಳು ಪ್ರವಾಹದಂತೆ ಹೊರಬಿದ್ದುದು ಕ್ಯಾಸೆಟ್ಟಿನ ಕಾಲದಲ್ಲಿ. 1978ರಲ್ಲಿ ಮೈಸೂರು ಅನಂತಸ್ವಾಮಿಯವರ ಸಂಯೋಜನೆಯ ‘ನಿತ್ಯೋತ್ಸವ’ ಕ್ಯಾಸೆಟ್ಟು ಕನ್ನಡ ಭಾವಗೀತೆಗೆ ಹೊಸ ದಾರಿ ತೆರೆಯಿತು. 1980ರ ದಶಕದಲ್ಲಿ ಟಿ-ಸೀರೀಸ್‌ನಂಥ ಸಂಸ್ಥೆಗಳು ಕ್ಯಾಸೆಟ್ಟಿನ ಬೆಲೆಯನ್ನು ಇಳಿಸಿದ ಮೇಲೆ, ಜಾಗ ತಿನ್ನುವ, ಮುಳ್ಳು ಸಿಗದ ಯಂತ್ರವನ್ನು ಇಟ್ಟುಕೊಳ್ಳುವ ಅಗತ್ಯ ಸಾಮಾನ್ಯ ಕುಟುಂಬಕ್ಕೆ ಉಳಿಯಲಿಲ್ಲ. ಹಿರಿಯರು ತೀರಿಕೊಂಡ ಮನೆ, ಪಾಲಾದ ಮನೆ, ಕೆಡವಿ ಕಟ್ಟುವ ಮನೆ, ಇವು ಗುಜರಿಯವನಿಗೆ ಸರಕು ಒದಗಿಸಿದ ಮೂರು ಮುಖ್ಯ ಮೂಲಗಳು. ಅಲ್ಲಿಂದ ಸರಕು ಮುಂಬಯಿಯ ಚೋರ್ ಬಜಾರಿಗೆ, ಕಲ್ಕತ್ತೆಯ ಫ್ರೀ ಸ್ಕೂಲ್ ಸ್ಟ್ರೀಟಿಗೆ, ಬೆಂಗಳೂರಿನಲ್ಲಿ ಪೇಟೆಯ ಸುತ್ತ ಭಾನುವಾರ ನೆರೆಯುವ ಹಳೆಯ ಸಾಮಾನಿನ ಸಂತೆಗೆ ಸೇರುತ್ತಿತ್ತು. ಮದರಾಸಿನಲ್ಲಿ ಹಳೆಯ ಪುಸ್ತಕ ಮತ್ತು ತಟ್ಟೆಗಳಿಗೆ ಆಶ್ರಯವಾಗಿದ್ದ ಮೂರ್ ಮಾರ್ಕೆಟ್ಟು 1985ರ ಮೇ 30ರಂದು ಬೆಂಕಿಗೆ ಆಹುತಿಯಾಯಿತು. ಅಂಥ ಜಾಗದಲ್ಲಿ ಏನೇನು ಇತ್ತೆಂದು ಯಾರೂ ಪಟ್ಟಿ ಮಾಡಿಟ್ಟಿರುವುದಿಲ್ಲವಾದ್ದರಿಂದ ನಷ್ಟವನ್ನು ಅಳೆಯುವುದಕ್ಕೂ ಬರುವುದಿಲ್ಲ.

ಮಾರುವವನ ಅಜ್ಞಾನ ಈ ಪೇಟೆಯಲ್ಲಿ ಕೊಳ್ಳುವವನ ಅದೃಷ್ಟವಾಗಿ, ಕೊಳ್ಳುವವನ ಅಜ್ಞಾನ ಮಾರುವವನ ಲಾಭವಾಗಿ ಪರಿಣಮಿಸುತ್ತಿತ್ತು. ಒಂದನ್ನು ಹೊಗಳಿ ಇನ್ನೊಂದನ್ನು ತೆಗಳುವ ಸಂಗ್ರಾಹಕರ ರೂಢಿಯಲ್ಲಿ ನ್ಯಾಯ ಕಡಿಮೆ. ಪಶ್ಚಿಮದಲ್ಲಿ 1960ರ ಹೊತ್ತಿಗೆ 78 ಸುತ್ತಿನ ತಟ್ಟೆ ಮೂಲೆಗುಂಪಾಗಿದ್ದರೂ, ವಿದ್ಯುತ್ತಿಲ್ಲದ ಊರುಗಳಲ್ಲಿ ಕೀಲಿ ಕೊಡುವ ಯಂತ್ರಗಳು ಇನ್ನೂ ಬಳಕೆಯಲ್ಲಿದ್ದ ಭಾರತದಲ್ಲಿ ಅದರ ತಯಾರಿಕೆ ಮುಂದುವರಿಯಿತು. ಬೀಟಲ್ಸ್ ತಂಡದ ಹಾಡುಗಳು ಕೂಡ ಇಲ್ಲಿ ಆ ರೂಪದಲ್ಲಿ ಹೊರಬಂದುವು; ಭಾರತದ ವ್ಯಾಪಾರಿಗೆ ಹಳೆಯ ಇಂಗ್ಲಿಷ್ ಹಾಡು ಮಾತ್ರವಾಗಿದ್ದ ಆ ತಟ್ಟೆ ವಿದೇಶದ ಸಂಗ್ರಾಹಕನಿಗೆ ಬೇರೆಲ್ಲೂ ಸುಲಭವಾಗಿ ಸಿಗದ ವಸ್ತುವಾಯಿತು. ಇನ್ನೂ ವಿಚಿತ್ರವಾದುದು ಚರಣಜಿತ್ ಸಿಂಗ್ ಅವರ 1982ರ ತಟ್ಟೆಯ ಕಥೆ. ಮುಂಬಯಿಯ ಚಿತ್ರಸಂಗೀತದ ವಾದ್ಯಗಾರರಾಗಿದ್ದ ಅವರು ಹತ್ತು ರಾಗಗಳನ್ನು ವಿದ್ಯುನ್ಮಾನ ವಾದ್ಯಗಳ ಮೇಲೆ ಡಿಸ್ಕೋ ಲಯಕ್ಕೆ ಹೊಂದಿಸಿ ನುಡಿಸಿದ್ದರು. ತಟ್ಟೆ ಆಗ ಯಾರ ಗಮನವನ್ನೂ ಸೆಳೆಯಲಿಲ್ಲ. ಎಡೋ ಬೌಮನ್ ಎಂಬ ಡಚ್ ಸಂಗ್ರಾಹಕರು 2002ರಲ್ಲಿ ದೆಹಲಿಯ ಅಂಗಡಿಯೊಂದರಲ್ಲಿ ಅದನ್ನು ಕಂಡು, 2010ರಲ್ಲಿ ಮರುಪ್ರಕಟಿಸಿದಾಗ, ಶಿಕಾಗೋದಲ್ಲಿ 1980ರ ದಶಕದ ನಡುಭಾಗದ ನಂತರ ಹುಟ್ಟಿದ ಆ್ಯಸಿಡ್ ಹೌಸ್ ಎಂಬ ನೃತ್ಯಸಂಗೀತದ ಲಕ್ಷಣಗಳು ಅದರಲ್ಲಿ ಮೊದಲೇ ಕಾಣಿಸಿಕೊಂಡಿದ್ದುದು ವಿಮರ್ಶಕರನ್ನು ಬೆರಗುಗೊಳಿಸಿತು. ಸಂಗೀತಶಾಲೆಯೂ ಪತ್ರಾಗಾರವೂ ಮಾಡದ ಕೆಲಸವನ್ನು ಇಲ್ಲಿ ಹಳೆಯ ಅಂಗಡಿಯ ಕಪಾಟು ಮಾಡಿತ್ತು.

ಪೇಟೆಗೆ ಬರಲೆಂದು ಹುಟ್ಟದ ತಟ್ಟೆಗಳೂ ಇವೆ. ಜಯಚಾಮರಾಜ ಒಡೆಯರು ರಷ್ಯನ್ ಸಂಯೋಜಕ ನಿಕೊಲಾಯ್ ಮೆಟ್ನರನ ಕೃತಿಗಳಿಗೆ ಮಾರುಹೋಗಿ, ಲಂಡನ್ನಿನಲ್ಲಿ ನೆಲಸಿದ್ದ ಆತನ ವಾದನವನ್ನು ಎಚ್‌ಎಂವಿ ಕಂಪನಿಯು 1940ರ ದಶಕದ ಕೊನೆಯ ವರ್ಷಗಳಲ್ಲಿ ಮುದ್ರಿಸುವಂತೆ ಹಣ ಒದಗಿಸಿದರು. ಮೆಟ್ನರ್ ಸೊಸೈಟಿಯ ಹೆಸರಿನಲ್ಲಿ ಮೂರು ಸಂಪುಟಗಳಾಗಿ ಹೊರಟ ಆ 78 ಸುತ್ತಿನ ತಟ್ಟೆಗಳು ಮಾರಾಟಕ್ಕಿಂತ ಅಭಿಮಾನಕ್ಕಾಗಿ ಆದ ಪ್ರಕಟಣೆಗಳು. ಸಂಪುಟದ ಒಂದು ತಟ್ಟೆ ಒಡೆದರೂ ಉಳಿದವುಗಳ ಬೆಲೆ ಕುಸಿಯುತ್ತದೆಯಾದ್ದರಿಂದ ಇಡಿಯಾದ ಜೋಡಣೆ ಇಂದು ಅಪರೂಪ.

ಪೇಟೆಯ ಅಜ್ಞಾನವನ್ನು ಕರಗಿಸಿದ ಕೆಲಸವನ್ನು ಮೊದಲು ಮಾಡಿದವರು ಹವ್ಯಾಸಿಗಳೇ. 1990ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಸೊಸೈಟಿ ಆಫ್ ಇಂಡಿಯನ್ ರೆಕಾರ್ಡ್ ಕಲೆಕ್ಟರ್ಸ್ ಎಂಬ ಸಂಘವು ತನ್ನ ಪತ್ರಿಕೆಯ ಮೂಲಕ ಗಾಯಕರ, ಲೇಬಲ್ಲುಗಳ ವಿವರಗಳನ್ನು ಕಲೆಹಾಕಿತು. ಮೈಕೆಲ್ ಕಿನ್ನಿಯರ್ 1994ರಲ್ಲಿ ಪ್ರಕಟಿಸಿದ ಪುಸ್ತಕವು ಗ್ರಾಮಫೋನ್ ಕಂಪನಿಯ 1908ರವರೆಗಿನ ಭಾರತೀಯ ಮುದ್ರಣಗಳನ್ನು ಸಂಖ್ಯೆಗಳ ಕ್ರಮದಲ್ಲಿ ಒದಗಿಸಿತು. ತಟ್ಟೆಯ ಮೇಲೆ ಒತ್ತಿದ ಮೂಲಸಂಖ್ಯೆಯೂ ಅದರ ಕೊನೆಗಿರುವ ಅಕ್ಷರವೂ ಮುದ್ರಣದ ಕಾಲವನ್ನು, ಮುದ್ರಿಸಿದ ತಂತ್ರಜ್ಞನನ್ನು ಸೂಚಿಸುತ್ತವೆ ಎಂಬ ತಿಳಿವಳಿಕೆ ಹೀಗೆ ಕೆಲವರ ಗುಟ್ಟಾಗಿ ಉಳಿಯದೆ ಹರಡಿತು. ಅನಂತರ 2000ದಲ್ಲಿ ಆರಂಭವಾದ ಡಿಸ್ಕಾಗ್ಸ್‌ನಂಥ ಅಂತರಜಾಲ ಸೂಚಿಗಳು ಬೆಲೆಗಳನ್ನೂ ಬಹಿರಂಗಪಡಿಸಿದುವು. ಪರಿಣಾಮ ಎರಡು ಕಡೆಗೂ ಹರಿಯಿತು: ಹೊದಿಕೆ ಬದಲಿಸುವ ಹಳೆಯ ಮೋಸ ಸುಲಭವಾಗಿ ನಡೆಯದಂತಾಯಿತು, ರಾಶಿಯ ತಳದಿಂದ ಅಗ್ಗಕ್ಕೆ ಸಿಗುವ ನಿಧಿಯೂ ವಿರಳವಾಯಿತು. ಹೊಸದೊಂದು ಜಗಳವೂ ಹುಟ್ಟಿಕೊಂಡಿತು. ವಿದೇಶದ ಸೂಚಿಯಲ್ಲಿರುವ ಬೆಲೆ ಬಳಸದೆ ಇಟ್ಟಂತಿರುವ ತಟ್ಟೆಗೆ ಅನ್ವಯಿಸುತ್ತದೆ. ಅದೇ ಬೆಲೆಯನ್ನು ಮೊಬೈಲಿನಲ್ಲಿ ತೋರಿಸಿ ಬೂದುಬಣ್ಣದ, ಗೀರುಬಿದ್ದ ತಟ್ಟೆಗೆ ಕೇಳುವ ವ್ಯಾಪಾರಿಯೊಡನೆ ಗೆಣ್ಣಿನ ಪರೀಕ್ಷೆಯೂ ಓರೆ ಬೆಳಕೂ ಹೆಚ್ಚು ಪ್ರಯೋಜನಕ್ಕೆ ಬರುವುದಿಲ್ಲ.

ಕಾನೂನು ಮಾತ್ರ ಈ ಹಳೆಯ ಸರಕಿಗೆ ಉದಾರವಾಗಿದೆ. ಭಾರತದ ಕೃತಿಸ್ವಾಮ್ಯ ಕಾಯಿದೆಯಂತೆ ಧ್ವನಿಮುದ್ರಣದ ಮೇಲಿನ ಹಕ್ಕು ಪ್ರಕಟಣೆಯ ಮರುವರ್ಷದಿಂದ 60 ವರ್ಷಗಳವರೆಗೆ ಮಾತ್ರ ಇರುವುದರಿಂದ, ಶೆಲ್ಯಾಕ್ ಯುಗದ ಬಹುತೇಕ ಮುದ್ರಣಗಳು ಈಗ ಆ ಹಕ್ಕಿನಿಂದ ಮುಕ್ತವಾಗಿವೆ. ಗೌಹರ್ ಜಾನ್ ಜೀವನಚರಿತ್ರೆಯನ್ನು 2010ರಲ್ಲಿ ಪ್ರಕಟಿಸಿದ ಬೆಂಗಳೂರಿನ ವಿಕ್ರಮ್ ಸಂಪತ್ ಅವರು ಕಟ್ಟಿದ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ಸಂಸ್ಥೆಯು ಹಳೆಯ ತಟ್ಟೆಗಳನ್ನು ಡಿಜಿಟಲ್ ರೂಪಕ್ಕೆ ತಂದು ಸಾರ್ವಜನಿಕರಿಗೆ ಕೇಳಿಸುವ ಕೆಲಸವನ್ನು ಕೈಗೊಂಡಿತು. ಇಂಥ ಕೆಲಸಕ್ಕೆ ಇಂದು ಎದುರಾಗುವ ಮುಖ್ಯ ಅಡ್ಡಿ ಗುಜರಿಯವನ ಹಟವಲ್ಲ. ಗುಜರಿಯವನು ಎಷ್ಟೆಂದರೂ ಮಾರುವುದಕ್ಕೆಂದೇ ಕುಳಿತವನು. ತನ್ನಲ್ಲಿರುವುದು ಬೇರೆಯವರ ಕಿವಿಗೆ ಬಿದ್ದರೆ ಅದರ ಬೆಲೆ ಇಳಿಯುತ್ತದೆಂದು ನಂಬಿ ಒಂದೇ ಪ್ರತಿ ಉಳಿದ ತಟ್ಟೆಯನ್ನು ಕಪಾಟಿನಲ್ಲಿ ಬೀಗ ಹಾಕಿ ಇಡುವ ಸಂಗ್ರಾಹಕನ ಬಳಿ ಚೌಕಾಸಿಗೂ ಎಡೆಯಿಲ್ಲ.