ಚಿಕ್ಕಪ್ಪನ ಎಂಟುನೂರು

ಹೋದ ದೀಪಾವಳಿಗೆ ಊರಿಗೆ ಹೋದಾಗ ಚಿಕ್ಕಪ್ಪನ ಮಾರುತಿ 800 ಓಡಿಸಿದೆ. ನಿಂತಲ್ಲೇ ಸ್ಟೇರಿಂಗ್ ತಿರುಗಿಸೋಕೆ ಹೋಗಿ ತೋಳು ನೊಂದಿತು. ಪವರ್ ಸ್ಟೇರಿಂಗ್ ಇಲ್ಲ ಅನ್ನೋದೇ ಮರೆತಿತ್ತು. ಒಮ್ಮೆ ಉರುಳೋಕೆ ಶುರುವಾದ್ರೆ ಮಾತ್ರ ಹೂವಿನಷ್ಟು ಹಗುರ. 12 ಇಂಚಿನ ಚಕ್ರದ ಕೆಳಗೆ ಸಿಕ್ಕ ಒಂದೊಂದು ಕಲ್ಲೂ ಅಂಗೈಗೆ ತಿಳಿಯುತ್ತೆ.

ಚಿಕ್ಕಪ್ಪ ಡ್ರೈವಿಂಗ್ ಕಲಿತದ್ದು ಬಾಡಿಗೆ ಅಂಬಾಸಿಡರ್‌ನಲ್ಲಿ. ಟನ್ನಿಗಿಂತ ಹೆಚ್ಚು ಭಾರದ ಮೈ, ಸ್ಟೇರಿಂಗ್ ಪಕ್ಕದಲ್ಲೇ ಗೇರ್, ಎಂಜಿನ್ ಮುಂದಿದ್ದರೂ ಗಾಡಿ ತಳ್ಳೋದು ಹಿಂದಿನ ಚಕ್ರ. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ 800ರ ಕೀಲಿಯನ್ನು ದೆಹಲಿಯ ಹರ್ಪಾಲ್ ಸಿಂಗ್ ಕೈಗೆ ಕೊಟ್ಟಾಗ ಬಂದದ್ದು ಬೇರೆಯದೇ ಯಂತ್ರ. ಜಪಾನಿನ ಸುಜುಕಿಯ ವಿನ್ಯಾಸ. 796 ಸಿಸಿ, ಮೂರೇ ಸಿಲಿಂಡರ್. ಎಂಜಿನ್ನನ್ನು ಅಡ್ಡ ಕೂರಿಸಿ ಮುಂದಿನ ಚಕ್ರಗಳನ್ನೇ ತಿರುಗಿಸಿದ್ದರು. ಹಿಂದಕ್ಕೆ ಹೋಗೋ ಉದ್ದನೆ ಶಾಫ್ಟೇ ಬೇಡ. ತೂಕವೂ ಉಳೀತು, ಕಾಲಿಡೋಕೆ ಜಾಗವೂ ಸಿಕ್ತು. ಒಟ್ಟು ತೂಕ ಸುಮಾರು 650 ಕೆ.ಜಿ. ಅಷ್ಟು ಪುಟ್ಟ ಎಂಜಿನ್ ಚುರುಕು ಅನಿಸೋ ಗುಟ್ಟು ಇಷ್ಟೇ.

ಚಿಕ್ಕಮ್ಮ ಅಂಬಾಸಿಡರ್ ಸ್ಟೇರಿಂಗ್ ಮುಟ್ಟಿದವರಲ್ಲ. ಸೆಕೆಂಡ್ ಹ್ಯಾಂಡ್ 800 ಮನೆಗೆ ಬಂದ ಮೂರೇ ತಿಂಗಳಿಗೆ ಕೊಬ್ಬರಿ ಮೂಟೆ ಹಿಂದಿನ ಸೀಟಿಗೆ ಹಾಕ್ಕೊಂಡು ತಿಪಟೂರಿಗೆ ತಾವೇ ಹೊರಟರು. ಬೆಳಗಿನ ಚಳಿಗೆ ಚೋಕ್ ಎಷ್ಟು ಎಳೀಬೇಕು ಅನ್ನೋದು ಇವತ್ತಿಗೂ ಚಿಕ್ಕಪ್ಪನಿಗಿಂತ ಅವರಿಗೇ ಚೆನ್ನಾಗಿ ಗೊತ್ತು.

2010ರಲ್ಲಿ ಬಿಎಸ್-4 ನಿಯಮ ಬಂದಾಗ ಬೆಂಗಳೂರು ಸೇರಿ 13 ನಗರಗಳಲ್ಲಿ 800ರ ಮಾರಾಟ ನಿಂತಿತು. ಉಳಿದ ಊರುಗಳಲ್ಲಿ ನಡೀತಾನೇ ಇತ್ತು. ನಗರಕ್ಕೆ ಆಗದ ಹೊಗೆ ಹಳ್ಳಿಗೆ ಆಗುತ್ತಂತೆ! 2014ರ ಜನವರಿಯಲ್ಲಿ ತಯಾರಿಕೆಯೇ ನಿಂತಿತು.

ಆದ್ರೆ ಅದರ ಬಾಗಿಲು ಹಾಕಿ ನೋಡಿ, ಬಿಸ್ಕತ್ ಡಬ್ಬಿ ಮುಚ್ಚಿದ ಸದ್ದು. ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ನನ್ನ ಕೈಗೆ ಹಿತ ಅನಿಸಿದ ಹಗುರವೇ ಲಾರಿ ಎದುರಾದಾಗ ಎದೆ ಝಲ್ ಅನಿಸಿತು. ಅಂಬಾಸಿಡರ್‌ನಲ್ಲೂ ಏರ್‌ಬ್ಯಾಗ್ ಇರಲಿಲ್ಲ, ನಿಜ. ಆದ್ರೆ ಆಗ ನನಗೆ ಮಗಳಿರಲಿಲ್ಲ.

"ಮಗೂನ ಕೂರಿಸ್ಕೊಂಡು ತಿಪಟೂರಿಗೆ ಒಂದು ರೌಂಡ್ ಹೋಗ್ಬಾರೋ" ಅಂದ್ರು ಚಿಕ್ಕಪ್ಪ. ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ. ಹೈವೇ ಬಿಟ್ಟು ತೋಟದ ದಾರಿ ಹಿಡಿದೆ, ಮೂರನೇ ಗೇರ್ ದಾಟಲಿಲ್ಲ. ಮಗಳು ಕಿಟಕಿ ಇಳಿಸೋ ಹಿಡಿ ತಿರುಗಿಸ್ತಾ, "ಅಪ್ಪಾ, ಇದು ನಮ್ಮ ಕಾರಲ್ಲಿ ಯಾಕಿಲ್ಲ?" ಅಂತ ಕೇಳ್ತಾನೇ ಇದ್ದಳು.